ಸಂಘ ಯಾರದು? ಸೋಂದಾದಿಂದ ಚೀನಾದವರೆಗೆ ಸಂಘ-ಸಂಸ್ಥೆಗಳು ಮತ್ತು ಸರ್ಕಾರ



'ಸರ್ಕಾರೇತರ ಸಂಸ್ಥೆ' ಎನ್ನುವ ಹೆಸರಿನಲ್ಲಿಯೇ ಒಂದು ತೊಡಕಿದೆ. ಆ ಸಂಸ್ಥೆ ಏನಲ್ಲ ಎಂಬುದನ್ನು ಹೆಸರು ಹೇಳುತ್ತದೆ, ಏನು ಎಂಬುದನ್ನು ಹೇಳುವುದಿಲ್ಲ. ಸರ್ಕಾರದ್ದಲ್ಲ ಎಂದ ಮಾತ್ರಕ್ಕೆ ಅದು ಜನರದ್ದು ಆಗಿಬಿಡುತ್ತದೆಯೇ? ಸರ್ಕಾರವೇ ಹುಟ್ಟುಹಾಕಿದ ಸಂಘವನ್ನು ಜನರದ್ದು ಎನ್ನಬಹುದೇ? ಪರೀಕ್ಷೆಯಲ್ಲಿ ಐದು ಅಂಕಕ್ಕೆ ವ್ಯಾಖ್ಯೆ ಬರೆದರೆ ಮುಗಿಯುವ ವಿಷಯ ಇದಲ್ಲ. ನಾಳೆ ನೀವು ಒಂದು ಸೊಸೈಟಿಯ ಸದಸ್ಯರಾಗುತ್ತೀರಿ, ಒಂದು ಶಾಲೆಯ ಸಮಿತಿಗೆ ಹೋಗುತ್ತೀರಿ, ಒಂದು ಸಂಘಕ್ಕೆ ಸಹಿ ಹಾಕುತ್ತೀರಿ. ಆಗ ಆ ಸಂಘ ಯಾರ ಮಾತು ಕೇಳುತ್ತದೆ ಎಂದು ತಿಳಿದಿರಬೇಕು.

ನಾನು ಸೋಂದಾದವನು, ರಾಜ್ಯಶಾಸ್ತ್ರ ಪಾಠ ಮಾಡುವವನು. ಈ ಲೇಖನದಲ್ಲಿ ಮೊದಲು ನಮ್ಮ ಶಿರಸಿ, ಯಲ್ಲಾಪುರದ ಉದಾಹರಣೆಗಳನ್ನು ನೋಡೋಣ. ಆಮೇಲೆ ಚೀನಾಕ್ಕೆ ಹೋಗೋಣ. ಚೀನಾ ಏಕೆಂದರೆ, ಸಂಘಕ್ಕೂ ಸರ್ಕಾರಕ್ಕೂ ಇರುವ ಸಂಬಂಧ ಅಲ್ಲಿ ಬರಹದಲ್ಲಿಯೇ ಬಹಳ ಬಿಗಿಯಾಗಿದೆ. ಬಿಗಿಯಾದ ಕಡೆ ನೋಡಿ ಬಂದರೆ ಸಡಿಲವಾದ ಕಡೆ ಇರುವುದೂ ಚೆನ್ನಾಗಿ ಕಾಣುತ್ತದೆ.

ಏಳು ಜನ ಮತ್ತು ಒಂದು ಬೈಲಾ

ನಮ್ಮ ಸಂವಿಧಾನದ 19(1)(ಸಿ) ವಿಧಿ ಎಲ್ಲ ನಾಗರಿಕರಿಗೂ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. 97ನೇ ತಿದ್ದುಪಡಿಯ ಮೂಲಕ ಅದೇ ವಿಧಿಗೆ ಸಹಕಾರ ಸಂಘಗಳ ಹೆಸರನ್ನೂ ಸೇರಿಸಲಾಯಿತು. ಇದು ಮಿತಿ ಇಲ್ಲದ ಹಕ್ಕೇನೂ ಅಲ್ಲ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಈ ಕಾರಣಗಳಿಗಾಗಿ ಸರ್ಕಾರ 'ಯುಕ್ತ ನಿರ್ಬಂಧ' ಹೇರಬಹುದು ಎಂದು 19(4) ಹೇಳುತ್ತದೆ. ನಿರ್ಬಂಧ ಯುಕ್ತವೋ ಅಲ್ಲವೋ ಎಂಬ ಕೊನೆಯ ತೀರ್ಮಾನ ನ್ಯಾಯಾಲಯದ್ದು. ಈ ಕೊನೆಯ ವಾಕ್ಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ಒಂದು ಸಂಘ ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ಇದಕ್ಕೆ ಮೂಲ ಬ್ರಿಟಿಷರ ಕಾಲದ 1860ರ ಕಾಯ್ದೆ. ಕನಿಷ್ಠ ಏಳು ಜನ ಬೇಕು, ಉದ್ದೇಶ ಹೇಳುವ ಪತ್ರ ಬೇಕು, ನಿಯಮಾವಳಿ ಬೇಕು. ನಮ್ಮ ಕಡೆ ಅದನ್ನು ಎಲ್ಲರೂ 'ಬೈಲಾ' ಎನ್ನುತ್ತಾರೆ. ನೋಂದಣಿ ಆದಮೇಲೆ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು, ಲೆಕ್ಕ ತಪಾಸಣೆ ಮಾಡಿಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕವನ್ನೂ ನೋಂದಣಾಧಿಕಾರಿಗೆ ಕಳಿಸಬೇಕು. ದೂರು ಬಂದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಸಂಘ ತೀರಾ ಕೆಟ್ಟುಹೋದರೆ ಆಡಳಿತಾಧಿಕಾರಿಯ ನೇಮಕಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ನಾನು ಒಂದು ಸಣ್ಣ ಸಂಘದ ಕಾರ್ಯದರ್ಶಿಯಾಗಿ ಆರು ವರ್ಷ ಕೆಲಸ ಮಾಡಿದ್ದೇನೆ. ವರ್ಷಕ್ಕೆ ಎರಡು ಮೂರು ಸಲ ಕಡತ ಹಿಡಿದು ಕಚೇರಿ ಮೆಟ್ಟಿಲು ಹತ್ತಿದ್ದುಂಟು. ಒಂದು ಸಲ ಸಹಿ ಮಾಡಿದವರ ವಿಳಾಸದಲ್ಲಿ ಪಿನ್ ಕೋಡ್ ಇಲ್ಲ ಎಂದು ಕಾಗದ ವಾಪಸ್ಸು ಬಂತು. ಆಗ ಬೇಸರವಾಯಿತು ನಿಜ. ಆದರೆ ಆ ಆರು ವರ್ಷದಲ್ಲಿ ಯಾವ ಅಧಿಕಾರಿಯೂ "ನೀವು ಈ ವಿಷಯ ಮಾತನಾಡಬೇಡಿ, ಇವರನ್ನು ಅಧ್ಯಕ್ಷರನ್ನಾಗಿ ಮಾಡಿ" ಎಂದು ನಮಗೆ ಹೇಳಲಿಲ್ಲ. ಕಾಗದದ ಕಿರಿಕಿರಿ ಬೇರೆ, ಸಂಘದ ಬಾಯಿಗೆ ಬೀಗ ಹಾಕುವುದು ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ನಮ್ಮ ಸುತ್ತಲಿನ ಸಂಘಗಳು

ತರಗತಿಯಲ್ಲಿ ನಾನು ಆಗಾಗ ಕೇಳುವುದುಂಟು: ನಿಮ್ಮ ಮನೆಯಲ್ಲಿ ಯಾರು ಯಾವ ಸಂಘದಲ್ಲಿದ್ದಾರೆ? ಅಮ್ಮ ಸ್ತ್ರೀಶಕ್ತಿಯಲ್ಲಿ, ಅಪ್ಪ ಸೊಸೈಟಿಯ ಸದಸ್ಯ, ಅಣ್ಣ ಯುವಕ ಮಂಡಳಿಯಲ್ಲಿ, ದೊಡ್ಡಪ್ಪ ಜಮಾಅತ್ ಕಮಿಟಿಯಲ್ಲಿ, ಮಾವ ಎಸ್‌ಡಿಎಂಸಿಯಲ್ಲಿ, ಅಜ್ಜ ಗ್ರಾಮ ಅರಣ್ಯ ಸಮಿತಿಯಲ್ಲಿ. ಎಲ್ಲಕ್ಕೂ 'ಸಂಘ', 'ಸಮಿತಿ' ಎಂದೇ ಹೆಸರು. ಆದರೆ ಹುಟ್ಟಿದ ರೀತಿ ಬೇರೆ ಬೇರೆ.

ಮೊದಲನೆಯ ಬಗೆ, ಜನರೇ ಕಟ್ಟಿಕೊಂಡದ್ದು. ನಮ್ಮ ಜಿಲ್ಲೆಯ ಭಟ್ಕಳದಲ್ಲಿ 1919ರಲ್ಲಿ ಶುರುವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇದಕ್ಕೆ ಉದಾಹರಣೆ. ಸರ್ಕಾರದ ಆದೇಶ ಬಂತೆಂದು ಅದು ಹುಟ್ಟಲಿಲ್ಲ. ಮಕ್ಕಳಿಗೆ ಓದು ಬೇಕು ಎಂದು ಊರಿನವರು ಸೇರಿದ್ದರಿಂದ ಹುಟ್ಟಿತು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಾವೆಲ್ಲ ಟಿಎಸ್‌ಎಸ್ ಎನ್ನುವುದು, 1923ರದ್ದು. ಅಡಿಕೆ ಬೆಳೆದವರು ಒಬ್ಬೊಬ್ಬರೇ ವ್ಯಾಪಾರಿಯ ಮುಂದೆ ನಿಂತರೆ ದರ ಅವನ ಕೈಯಲ್ಲಿರುತ್ತದೆ. ಎಲ್ಲರೂ ಒಟ್ಟಾಗಿ ಮಾರಿದರೆ ಮಾತು ನಡೆಯುತ್ತದೆ. ಇದು ಸಹಕಾರದ ಸರಳ ಲೆಕ್ಕ.

ಸಹಕಾರ ಸಂಘದಲ್ಲಿ ಇನ್ನೊಂದು ಮಾತಿದೆ. ಅದು ಜನರದ್ದೇ ಆದರೂ ಸರ್ಕಾರದ ಕಾಯ್ದೆಯ ನೆರಳಿನಲ್ಲೇ ಬೆಳೆದದ್ದು. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಸಂಘಗಳ ಕಾಯ್ದೆ ತಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆ ಎಂದು ಅದನ್ನು ಗುರುತಿಸುತ್ತಾರೆ. ಇಂದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿತ ಸಂಘಗಳ ಮೇಲೆ ಸಹಕಾರ ಇಲಾಖೆಯ ನಿಬಂಧಕರಿಗೆ ಸಾಕಷ್ಟು ಅಧಿಕಾರವಿದೆ. ಆಡಳಿತ ಮಂಡಳಿಯನ್ನು ಬದಿಗೆ ಸರಿಸಿ ಆಡಳಿತಾಧಿಕಾರಿ ನೇಮಿಸುವ ಅವಕಾಶವೂ ಅದರಲ್ಲಿದೆ. ಈ ಹಿಡಿತ ಹೆಚ್ಚಾಯಿತು ಎಂಬ ಅಭಿಪ್ರಾಯದಿಂದಲೇ 1997ರಲ್ಲಿ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ ಬಂತು. ಅದು 2001ರ ಜನವರಿ 1ರಿಂದ ಜಾರಿಯಾಯಿತು. ಸೌಹಾರ್ದ ಸಹಕಾರಿಗಳಲ್ಲಿ ಸರ್ಕಾರದ ಷೇರು ಬಂಡವಾಳ ಇರುವುದಿಲ್ಲ, ಹಾಗಾಗಿ ಹಸ್ತಕ್ಷೇಪವೂ ಕಡಿಮೆ. ಶಿರಸಿ ಪೇಟೆಯ ಬೋರ್ಡುಗಳಲ್ಲಿ 'ಸೌಹಾರ್ದ' ಎಂಬ ಪದ ಕಂಡಾಗ ಅದರ ಹಿಂದೆ ಈ ಇತಿಹಾಸವಿದೆ ಎಂದು ತಿಳಿಯಿರಿ.

ಎರಡನೆಯ ಬಗೆ, ಸರ್ಕಾರವೇ ಕಟ್ಟಿಸಿದ ಜನರ ಸಂಘ. ನಿಮ್ಮ ತಾಯಂದಿರ ಸ್ತ್ರೀಶಕ್ತಿ ಸಂಘ ಈ ಗುಂಪಿನದು. 2000-01ರಲ್ಲಿ ರಾಜ್ಯ ಸರ್ಕಾರ ತಂದ ಯೋಜನೆ ಅದು. ಸಂಘಗಳನ್ನು ಕಟ್ಟಿಸುವ ಕೆಲಸ ಅಂಗನವಾಡಿ ಕಾರ್ಯಕರ್ತೆಯರ ಪಾಲಿಗೆ ಬಂತು. 2001ರ ಸರ್ಕಾರಿ ಆದೇಶದಿಂದ ಬಂದ ಎಸ್‌ಡಿಎಂಸಿಯಲ್ಲಿ ಪಾಲಕರೇ ಅಧ್ಯಕ್ಷರು, ಕಾರ್ಯದರ್ಶಿ ಮಾತ್ರ ಶಾಲೆಯ ಮುಖ್ಯ ಶಿಕ್ಷಕರು.

ನಮ್ಮ ಮಲೆನಾಡಿನಲ್ಲಿ ಇದರ ಅತಿ ಸ್ಪಷ್ಟ ರೂಪ ಗ್ರಾಮ ಅರಣ್ಯ ಸಮಿತಿ. 1990ರಲ್ಲಿ ಕೇಂದ್ರ ಸರ್ಕಾರ ಜನರನ್ನು ಕಾಡಿನ ರಕ್ಷಣೆಯಲ್ಲಿ ಸೇರಿಸಿಕೊಳ್ಳಿ ಎಂದು ಸುತ್ತೋಲೆ ಕಳಿಸಿತು. 1993ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು. ಬ್ರಿಟನ್ ಸರ್ಕಾರದ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಆಗ ನಮ್ಮ ಜಿಲ್ಲೆಯಲ್ಲಿಯೇ ನಡೆಯುತ್ತಿತ್ತು, ಹಾಗಾಗಿ ಇಲ್ಲಿ ಊರೂರಿಗೆ ಸಮಿತಿಗಳು ಬಂದವು. ಅಧ್ಯಕ್ಷರು ಊರಿನವರು, ಸದಸ್ಯರು ಊರಿನವರು. ಕಾರ್ಯದರ್ಶಿ ಮಾತ್ರ ಇಲಾಖೆಯ ಫಾರೆಸ್ಟರ್. ಬ್ಯಾಂಕ್ ಖಾತೆ ಇಬ್ಬರ ಜಂಟಿ ಸಹಿಯಲ್ಲಿ. ಸಭೆ ಯಾವಾಗ ಕರೆಯಬೇಕು, ನಡಾವಳಿ ಪುಸ್ತಕದಲ್ಲಿ ಏನು ಬರೆಯಬೇಕು ಎಂಬುದು ಕಾರ್ಯದರ್ಶಿಯ ಕೈಯಲ್ಲಿರುತ್ತದೆ. ಸಂಘದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಪುಸ್ತಕ ಯಾರ ಬಳಿ ಇದೆಯೋ ಸಂಘ ಅರ್ಧ ಅವರದ್ದೇ.

ಇದನ್ನು ತೆಗಳಲಿಕ್ಕಾಗಿ ಹೇಳುತ್ತಿಲ್ಲ. ಸೊಪ್ಪಿಗೆ, ದರಕಿಗೆ, ಕಟ್ಟಿಗೆಗೆ ಕಾಡಿಗೆ ಹೋದವರನ್ನು ಅಪರಾಧಿಗಳಂತೆ ನೋಡುತ್ತಿದ್ದ ಇಲಾಖೆ ಅದೇ ಜನರ ಜೊತೆ ಒಂದೇ ಚಾಪೆಯ ಮೇಲೆ ಕೂತು ಮಾತನಾಡಿದ್ದು ಸಣ್ಣ ಬದಲಾವಣೆಯಲ್ಲ. ಫಾರೆಸ್ಟರ್ ಒಳ್ಳೆಯವರಾಗಿದ್ದು, ಅಧ್ಯಕ್ಷರಿಗೆ ಕಾಳಜಿ ಇದ್ದಲ್ಲಿ ಸಮಿತಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಸೋಂದಾದ ಮುಂಡಿಗೆಕೆರೆಯನ್ನೇ ನೋಡಿ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಆ ಕೆರೆ ಉಳಿಯಬೇಕಾದರೆ ಊರಿನವರ ಕಾಳಜಿಯೂ ಬೇಕು, ಇಲಾಖೆಯ ರಕ್ಷಣೆಯೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ಸಾಲದು.

ಇವೆರಡರಲ್ಲೂ ಸೇರದ ಸಂಸ್ಥೆಗಳೂ ಇವೆ. ವಕ್ಫ್ ಮಂಡಳಿ, ಹಜ್ ಸಮಿತಿ ಇವುಗಳನ್ನು ಕೆಲವರು ಉತ್ತರ ಪತ್ರಿಕೆಯಲ್ಲಿ ಸರ್ಕಾರೇತರ ಸಂಸ್ಥೆ ಎಂದು ಬರೆಯುತ್ತಾರೆ. ಅವು ಕಾಯ್ದೆಯಿಂದಲೇ ರಚನೆಯಾದ ಶಾಸನಬದ್ಧ ಸಂಸ್ಥೆಗಳು. ಊರಿನ ಜಮಾಅತ್ ಕಮಿಟಿ ಬೇರೆ, ವಕ್ಫ್ ಮಂಡಳಿ ಬೇರೆ.

ಬೇಡ ಎಂದ ಸಂಘಗಳು

ಸಂಘದ ನಿಜವಾದ ಪರೀಕ್ಷೆ ಆಗುವುದು ಸರ್ಕಾರದ ಯೋಜನೆಯೊಂದಕ್ಕೆ ಅದು 'ಬೇಡ' ಎಂದಾಗ. ನಮ್ಮ ನೆಲದಲ್ಲಿ ಇದಕ್ಕೆ ಎರಡು ಉದಾಹರಣೆಗಳಿವೆ.

ಮೊದಲನೆಯದು ಬೇಡ್ತಿ. ಧಾರವಾಡದ ಕಡೆಯಿಂದ ಬಂದು, ಯಲ್ಲಾಪುರದ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುವ ನದಿ ಇದು. ನಮ್ಮ ಸೋಂದಾದ ಸಹಸ್ರಲಿಂಗದ ಬಂಡೆಗಳ ನಡುವೆ ಹರಿಯುವ ಶಾಲ್ಮಲೆಯೂ ಬೇಡ್ತಿಯನ್ನೇ ಸೇರುತ್ತದೆ. ಆ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸುವ ಯೋಜನೆಗೆ 1970ರ ದಶಕದ ಕೊನೆಯಲ್ಲಿ ಚಾಲನೆ ಸಿಕ್ಕಿತು. ತೋಟ, ಗದ್ದೆ, ಕಾಡು ಮುಳುಗುತ್ತವೆ ಎಂದು ಜನ ಎದ್ದರು. ಆಗ ಟಿಎಸ್‌ಎಸ್‌ನಂಥ ಅಡಿಕೆ ಮಾರುವ ಸಂಘವೇ ಮುಂದೆ ಬಂದು 1980ರ ದಶಕದ ಆರಂಭದಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿತು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ಭಾಗವಹಿಸಿದರು. ಬರೇ ಘೋಷಣೆ ಕೂಗಲಿಲ್ಲ. ಮುಳುಗುವುದರ ಬೆಲೆ ಎಷ್ಟು, ಸಿಗುವ ವಿದ್ಯುತ್ತಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ಮುಂದಿಟ್ಟರು. ಯೋಜನೆ ನಿಂತಿತು. ಯೋಚಿಸಿ, ಸಹಕಾರ ಇಲಾಖೆಯ ನಿಬಂಧಕರ ಕೈಕೆಳಗಿನ ಒಂದು ಸಂಘ, ಅದೇ ಸರ್ಕಾರದ ವಿದ್ಯುತ್ ಯೋಜನೆಯನ್ನು ಬಹಿರಂಗವಾಗಿ ಪ್ರಶ್ನಿಸಿತು.

ಎರಡನೆಯದು ಅಪ್ಪಿಕೋ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಗಂಡಸರು, ಹೆಂಗಸರು, ಮಕ್ಕಳು ಕಳಸೆಯ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರು ಅದಕ್ಕೂ ಮುನ್ನ ಇಲ್ಲಿಗೆ ಬಂದಿದ್ದರು. ಪಾಂಡುರಂಗ ಹೆಗಡೆಯವರು ಚಳವಳಿಯನ್ನು ಮುನ್ನಡೆಸಿದರು. 38 ದಿನಗಳ ಹೋರಾಟದ ನಂತರ ಸರ್ಕಾರ ಅಲ್ಲಿನ ಮರ ಕಡಿತದ ಆದೇಶ ಹಿಂತೆಗೆದುಕೊಂಡಿತು. ಊರಿನ ಯುವಕ ಮಂಡಳಿಗಳು ಇದರ ಬೆನ್ನೆಲುಬಾಗಿದ್ದವು. ಕಬಡ್ಡಿ, ಯಕ್ಷಗಾನ ಎಂದು ಇದ್ದ ಮಂಡಳಿಗಳು ಕಾಡಿನ ಪ್ರಶ್ನೆ ಬಂದಾಗ ಬೇರೆ ಸಂಘ ಕಟ್ಟಿ ನೋಂದಣಿಗೆ ಕಾಯುತ್ತ ಕೂರಲಿಲ್ಲ.

ಇಂದು ಬೇಡ್ತಿ-ವರದಾ ನದಿ ಜೋಡಣೆಯ ಪ್ರಸ್ತಾಪವಿದೆ. ಸೋಂದಾದ ಸ್ವರ್ಣವಲ್ಲಿ ಮಠದ ಸ್ವಾಮೀಜಿಯವರ ಮಾರ್ಗದರ್ಶನದಲ್ಲಿ ಬೇಡ್ತಿ-ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಅದನ್ನು ವಿರೋಧಿಸುತ್ತಿದೆ. ಅತ್ತ ಬಯಲುಸೀಮೆಯ ಹಾವೇರಿ, ಗದಗದ ಕಡೆ ನೀರು ಬೇಕು ಎಂದು ಕೇಳುವ ಜನರೂ ಸಂಘ ಕಟ್ಟಿಕೊಂಡೇ ಕೇಳುತ್ತಿದ್ದಾರೆ. ಯಾರದ್ದು ಸರಿ ಎಂದು ಈ ಲೇಖನದಲ್ಲಿ ತೀರ್ಪು ಕೊಡುವುದಿಲ್ಲ. ಎರಡೂ ಕಡೆಯವರು ಸಂಘ ಕಟ್ಟಿ, ಸಭೆ ಕರೆದು, ಮನವಿ ಕೊಟ್ಟು ಮಾತನಾಡಬಹುದು ಎಂಬುದೇ ಇಲ್ಲಿ ಗಮನಿಸಬೇಕಾದ್ದು.

ಚೀನಾದಲ್ಲಿ 'ಅತ್ತೆ'ಯಿಲ್ಲದೆ ಸಂಘವಿಲ್ಲ

ಚೀನಾದ 1982ರ ಸಂವಿಧಾನದ 35ನೇ ವಿಧಿಯೂ ಮಾತು, ಪತ್ರಿಕೆ, ಸಭೆ, ಸಂಘ, ಮೆರವಣಿಗೆ ಇವುಗಳ ಸ್ವಾತಂತ್ರ್ಯ ಇದೆ ಎನ್ನುತ್ತದೆ. ಕಾಗದದ ಮೇಲೆ ನಮ್ಮ 19ನೇ ವಿಧಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ನೋಂದಣಿಯ ನಿಯಮದಲ್ಲಿ, ಮತ್ತು ಆ ನಿಯಮವನ್ನು ಸಂವಿಧಾನದ ಮುಂದಿಟ್ಟು ಅಳೆಯುವ ಸ್ವತಂತ್ರ ನ್ಯಾಯಾಲಯ ಇಲ್ಲದಿರುವುದರಲ್ಲಿ.

1998ರ ಚೀನೀ ನಿಯಮಾವಳಿಯ ಪ್ರಕಾರ ಸಾಮಾಜಿಕ ಸಂಘ ನೋಂದಾಯಿಸಲು 50 ಜನ ಸದಸ್ಯರು, ಅಥವಾ 30 ಸಂಸ್ಥೆಗಳು ಸದಸ್ಯರಾಗಿ ಬೇಕು. ರಾಷ್ಟ್ರಮಟ್ಟದ ಸಂಘಕ್ಕೆ 1 ಲಕ್ಷ ಯುವಾನ್, ಸ್ಥಳೀಯ ಸಂಘಕ್ಕೆ 30 ಸಾವಿರ ಯುವಾನ್ ನಿಧಿ ಇರಬೇಕು. ಅದೇ ಪ್ರದೇಶದಲ್ಲಿ ಅದೇ ಕೆಲಸ ಮಾಡುವ ಇನ್ನೊಂದು ಸಂಘ ಇದ್ದರೆ ಹೊಸದಕ್ಕೆ ಅನುಮತಿ ನಿರಾಕರಿಸಬಹುದು. ಶಿರಸಿಯಲ್ಲಿ ಒಂದು ಪರಿಸರ ಸಂಘ ಇದೆ ಎಂದು ಇನ್ನೊಂದನ್ನು ಬೇಡವೆಂದಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಇಮ್ಮಡಿ ಹಿಡಿತ. ನಾಗರಿಕ ವ್ಯವಹಾರಗಳ ಇಲಾಖೆಯಲ್ಲಿ ನೋಂದಣಿ ಮಾಡುವ ಮೊದಲು ಆಯಾ ಕ್ಷೇತ್ರದ ಸರ್ಕಾರಿ ಇಲಾಖೆ ಅಥವಾ ಅಧಿಕೃತ ಸಂಸ್ಥೆಯೊಂದು "ಈ ಸಂಘಕ್ಕೆ ನಾನು ಮೇಲ್ವಿಚಾರಕ" ಎಂದು ಒಪ್ಪಬೇಕು. ಚೀನೀಯರು ಆಡುಮಾತಿನಲ್ಲಿ ಈ ಮೇಲ್ವಿಚಾರಕನನ್ನು 'ಅತ್ತೆ' ಎನ್ನುತ್ತಾರೆ. ಸಂಘ ತಪ್ಪು ಮಾಡಿದರೆ ಅತ್ತೆಗೂ ಮಾತು ಬರುತ್ತದೆ, ಹಾಗಾಗಿ ಅತ್ತೆಯಾಗಲು ಯಾವ ಇಲಾಖೆಯೂ ಸುಲಭವಾಗಿ ಒಪ್ಪುವುದಿಲ್ಲ.

ಜನ ಇದಕ್ಕೂ ದಾರಿ ಹುಡುಕಿದರು. ಇತಿಹಾಸ ಪ್ರಾಧ್ಯಾಪಕ ಲಿಯಾಂಗ್ ಕೊಂಗ್‌ಜಿಯೆ 1994ರಲ್ಲಿ 'ನಿಸರ್ಗದ ಗೆಳೆಯರು' ಎಂಬ ಸಂಘ ಕಟ್ಟಿದಾಗ ಅದನ್ನು ಚೀನೀ ಸಂಸ್ಕೃತಿ ಅಕಾಡೆಮಿಯೊಂದರ ಉಪಸಂಸ್ಥೆಯಾಗಿ ನೋಂದಾಯಿಸಿದರು. ಪರಿಸರ ಸಂಘ ಸಂಸ್ಕೃತಿಯ ನೆರಳಿನಲ್ಲಿ ನಿಂತಿತು. 1996ರಲ್ಲಿ ಲಿಯಾವೊ ಶಿಯಾವೊಯಿ ಕಟ್ಟಿದ ಬೀಜಿಂಗ್‌ನ 'ಗ್ಲೋಬಲ್ ವಿಲೇಜ್' ವ್ಯಾಪಾರಿ ಸಂಸ್ಥೆಯಾಗಿ ನೋಂದಾಯಿಸಿಕೊಂಡಿತು. ಆದರೆ ಈ ದಾರಿಯಲ್ಲಿ ಅಪಾಯವಿದೆ. ನ್ಯಾಯ ಸಿಗದವರ ಪರ ಕೆಲಸ ಮಾಡುತ್ತಿದ್ದ ವಕೀಲರ 'ಗೊಂಗ್‌ಮೆಂಗ್' ಎಂಬ ಗುಂಪು ಕಂಪನಿಯಾಗಿ ನೋಂದಾಯಿತವಾಗಿತ್ತು. 2009ರಲ್ಲಿ ತೆರಿಗೆ ಇಲಾಖೆ ಅದಕ್ಕೆ 14 ಲಕ್ಷ ಯುವಾನ್‌ಗೂ ಹೆಚ್ಚು ದಂಡ ಹಾಕಿತು, ಕಚೇರಿಯನ್ನೂ ಮುಚ್ಚಿಸಲಾಯಿತು.

ಸರ್ಕಾರವೇ ಕಟ್ಟಿದ ದೊಡ್ಡ ಸಂಸ್ಥೆಗಳೂ ಚೀನಾದಲ್ಲಿ ಬಹಳ. ಬಡ ಹಳ್ಳಿಗಳ ಮಕ್ಕಳ ಓದಿಗಾಗಿ 1989ರಲ್ಲಿ ಶುರುವಾದ 'ಹೋಪ್ ಯೋಜನೆ' ಹೆಸರಾಂತದ್ದು. ಅದನ್ನು ನಡೆಸುವ ಯುವ ಅಭಿವೃದ್ಧಿ ಪ್ರತಿಷ್ಠಾನ ಕಮ್ಯುನಿಸ್ಟ್ ಯುವ ಲೀಗ್‌ನ ಕೂಸು. 1953ರಲ್ಲಿ ಸ್ಥಾಪನೆಯಾದ ಚೀನಾ ಇಸ್ಲಾಮಿಕ್ ಅಸೋಸಿಯೇಷನ್ ಕೂಡ ಹೆಸರಿಗೆ ಸಂಘ, ಆದರೆ ಸರ್ಕಾರದ ನೀತಿಯ ಒಳಗೇ ನಡೆಯುವಂಥದ್ದು. ಇಂಥವುಗಳಿಂದ ಒಳ್ಳೆಯ ಕೆಲಸ ಆಗುವುದೇ ಇಲ್ಲ ಎಂದಲ್ಲ. ಹೋಪ್ ಯೋಜನೆಯಿಂದ ಕಟ್ಟಿದ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಓದು ನಿಜವಾದದ್ದೇ. ಆದರೆ ಸರ್ಕಾರದ ಶಿಕ್ಷಣ ನೀತಿ ತಪ್ಪು ಎಂದು ಆ ಸಂಸ್ಥೆ ಹೇಳಬಲ್ಲದೇ? ಅಲ್ಲಿ ನಿಲ್ಲುತ್ತದೆ.

ಇತ್ತೀಚಿನ ಚಿತ್ರ ಎರಡು ಬಗೆಯದು. 2013ರಿಂದ ವ್ಯಾಪಾರ ಸಂಘ, ವಿಜ್ಞಾನ-ತಂತ್ರಜ್ಞಾನ, ದಾನಧರ್ಮ, ಬಡಾವಣೆ ಸೇವೆ ಈ ನಾಲ್ಕು ಬಗೆಯವಕ್ಕೆ ಅತ್ತೆಯಿಲ್ಲದೆ ನೇರ ನೋಂದಣಿಗೆ ದಾರಿ ತೆರೆಯಿತು. ವೃದ್ಧರ ಆರೈಕೆಯಂಥ ಕೆಲಸಗಳನ್ನು ಸರ್ಕಾರ ದುಡ್ಡು ಕೊಟ್ಟು ಸಂಘಗಳಿಂದ ಮಾಡಿಸತೊಡಗಿತು. 2015ರ ಜನವರಿಯಿಂದ ಜಾರಿಯಾದ ಪರಿಷ್ಕೃತ ಪರಿಸರ ಕಾಯ್ದೆ, ಐದು ವರ್ಷ ನಿರಂತರ ಕೆಲಸ ಮಾಡಿದ ನೋಂದಾಯಿತ ಪರಿಸರ ಸಂಘಗಳಿಗೆ ಮಾಲಿನ್ಯ ಮಾಡಿದವರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ದಾವೆ ಹೂಡಲು ಅವಕಾಶ ಕೊಟ್ಟಿತು. 2021ರ ಕೊನೆಗೆ ನೋಂದಾಯಿತ ಸಂಸ್ಥೆಗಳ ಸಂಖ್ಯೆ 9 ಲಕ್ಷ ದಾಟಿತು. ಇದೇ ಹೊತ್ತಿಗೆ 2017ರ ಜನವರಿ 1ರಿಂದ ಜಾರಿಯಾದ ಕಾಯ್ದೆ ವಿದೇಶಿ ಸಂಸ್ಥೆಗಳನ್ನು ಸಾರ್ವಜನಿಕ ಸುರಕ್ಷತಾ ಇಲಾಖೆಯ, ಅಂದರೆ ಪೊಲೀಸರ, ಉಸ್ತುವಾರಿಗೆ ತಂದಿತು. ಸೇವೆಗೆ ಬಾಗಿಲು ತೆರೆದಿದೆ, ಪ್ರಶ್ನೆಗೆ ಬಾಗಿಲು ಕಿರಿದಾಗಿದೆ.

ಎರಡು ನದಿಗಳ ಹೋಲಿಕೆ

ಚೀನಾದ ಸಂಘಗಳು ಎಂದೂ 'ಬೇಡ' ಎಂದಿಲ್ಲವೇ? ಎಂದಿವೆ. ಟಿಬೆಟ್‌ನಿಂದ ಯುನ್ನಾನ್ ಪ್ರಾಂತ್ಯದ ಮೂಲಕ ಮ್ಯಾನ್ಮಾರ್‌ಗೆ ಹರಿಯುವ ನೂ ನದಿಗೆ 13 ಅಣೆಕಟ್ಟುಗಳ ಯೋಜನೆ 2003ರಲ್ಲಿ ಹೊರಬಂತು. 'ನಿಸರ್ಗದ ಗೆಳೆಯರು', ಪತ್ರಕರ್ತೆ ವಾಂಗ್ ಯೊಂಗ್‌ಚೆನ್ ಅವರ 'ಹಸಿರು ಭೂಮಿ ಸ್ವಯಂಸೇವಕರು' ಮುಂತಾದವರು ಪತ್ರಿಕೆಗಳಲ್ಲಿ ಬರೆದರು, ಚಿತ್ರಪ್ರದರ್ಶನ ಮಾಡಿದರು, ವಿಜ್ಞಾನಿಗಳನ್ನು ಸೇರಿಸಿದರು. 2004ರ ಫೆಬ್ರುವರಿಯಲ್ಲಿ ಪ್ರಧಾನಿ ವೆನ್ ಜಿಯಾಬಾವೊ ಯೋಜನೆಯನ್ನು ತಡೆದರು.

ಬೇಡ್ತಿಯೂ ನಿಂತಿತು, ನೂ ಕೂಡ ನಿಂತಿತು. ಹಾಗಾದರೆ ವ್ಯತ್ಯಾಸವೇನು? ನೂ ನದಿಯ ವಿಷಯದಲ್ಲಿ ಸಂಘಗಳ ಮಾತು ಮೇಲಕ್ಕೆ ತಲುಪಿದ್ದು ಸರ್ಕಾರದ ಒಳಗಿನ ಒಂದು ಇಲಾಖೆಯ ಬೆಂಬಲದಿಂದ. ಕೇಂದ್ರದ ಪರಿಸರ ಇಲಾಖೆಗೇ ಆ ಅಣೆಕಟ್ಟುಗಳು ಬೇಡವಾಗಿದ್ದವು, ಅದಕ್ಕೆ ಸಂಘಗಳ ದನಿ ಬೇಕಿತ್ತು. ಇಲಾಖೆ ಕೈಬಿಟ್ಟರೆ ಸಂಘಕ್ಕೆ ನಿಲ್ಲಲು ಬೇರೆ ನೆಲವಿಲ್ಲ. ಬೇಡ್ತಿಯಲ್ಲಿ ಸಂಘಕ್ಕೆ ಹಲವು ನೆಲಗಳಿದ್ದವು. ಓಟು ಕೇಳಲು ಬರುವ ಶಾಸಕ, ಮುದ್ರಿಸುವ ಪತ್ರಿಕೆ, ಬೇಕಾದರೆ ಹೈಕೋರ್ಟು, ಮತ್ತು ಸದಸ್ಯರದ್ದೇ ಹಣ. ಅಡಿಕೆ ಮಾರಿದ ದುಡ್ಡಿನಲ್ಲಿ ನಡೆಯುವ ಸಂಘಕ್ಕೆ ವಿಚಾರ ಸಂಕಿರಣದ ಖರ್ಚಿಗೆ ಯಾರ ಬಳಿಯೂ ಕೈಚಾಚಬೇಕಾಗಿರಲಿಲ್ಲ.

ಹಣ ಮತ್ತು ಹಗ್ಗ

ಹಾಗೆಂದು ನಮ್ಮಲ್ಲಿ ಎಲ್ಲವೂ ಸಡಿಲ ಎಂದು ತಿಳಿಯಬೇಡಿ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಮೊದಲು ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. 2010ರಲ್ಲಿ ಹೊಸ ಕಾಯ್ದೆ ಬಂತು. 2020ರ ತಿದ್ದುಪಡಿಯಿಂದ ವಿದೇಶಿ ಹಣ ಪಡೆಯುವ ಪ್ರತಿ ಸಂಸ್ಥೆಯೂ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ ಖಾತೆ ತೆರೆಯಬೇಕಾಯಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಪಡೆದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಘಕ್ಕೆ ವರ್ಗಾಯಿಸುವುದು ನಿಂತಿತು. ಬೆಂಗಳೂರಿನಲ್ಲಿ ಕಚೇರಿ ಇದ್ದ ಆಮ್ನೆಸ್ಟಿ ಇಂಡಿಯಾ ಬ್ಯಾಂಕ್ ಖಾತೆಗಳು ಸ್ಥಗಿತವಾದ ಮೇಲೆ 2020ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲಿನ ಕೆಲಸ ನಿಲ್ಲಿಸಿತು. ಕಾನೂನು ಮೀರಿದ್ದಕ್ಕೆ ಕ್ರಮ ಎಂದು ಸರ್ಕಾರ ಹೇಳಿತು, ಪ್ರಶ್ನಿಸಿದ್ದಕ್ಕೆ ಶಿಕ್ಷೆ ಎಂದು ಸಂಸ್ಥೆ ಹೇಳಿತು.

ಸರ್ಕಾರದ ಕಡೆಯ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸಂಘದ ಹೆಸರಿನಲ್ಲಿ ಹಣ ನುಂಗುವವರಿದ್ದಾರೆ, ಕಾಗದದ ಮೇಲೆ ಮಾತ್ರ ಇರುವ ಸಂಸ್ಥೆಗಳಿವೆ. ಜನರ ದುಡ್ಡು ಪಡೆದವರು ಲೆಕ್ಕ ಕೊಡಲೇಬೇಕು. ಲೆಕ್ಕ ಕೇಳುವುದು ಸರ್ಕಾರದ ಹಕ್ಕು ಮಾತ್ರವಲ್ಲ, ಕರ್ತವ್ಯ. ಪ್ರಶ್ನೆ ಇರುವುದು, ಲೆಕ್ಕ ಕೇಳುವ ಕೈ ಕತ್ತು ಹಿಡಿಯುವ ಕೈ ಆಗುವುದು ಯಾವಾಗ ಎಂಬಲ್ಲಿ.

ಇದು ನಮ್ಮ ಕಾಲೇಜಿಗೂ ಸಂಬಂಧಿಸಿದ್ದು. ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ನೆರವು ಕೊಡುವಾಗ ಅಲ್ಪಸಂಖ್ಯಾತರ ಆಡಳಿತ ಎಂಬ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂದೂ ಅದೇ ವಿಧಿ ಹೇಳುತ್ತದೆ. ಹಾಗಾದರೆ ಸರ್ಕಾರ ಏನನ್ನೂ ಕೇಳಬಾರದೇ? ಈ ಪ್ರಶ್ನೆಗೆ ನಮ್ಮ ಕರಾವಳಿಯಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಉತ್ತರ ಕೊಟ್ಟಿತು. ಶಿಕ್ಷಣದ ಗುಣಮಟ್ಟಕ್ಕಾಗಿ, ಅರ್ಹ ಶಿಕ್ಷಕರಿಗಾಗಿ ಸರ್ಕಾರ ನಿಯಮ ಮಾಡಬಹುದು. ನೆರವು ಪಡೆದರೆ ಅದರ ಜೊತೆ ಷರತ್ತೂ ಬರಬಹುದು. ಆದರೆ ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪವೇ ಅಳಿಸಿಹೋಗುವಂತೆ ನಿಯಮ ಇರಬಾರದು. ನಿಯಂತ್ರಣಕ್ಕೂ ಒಂದು ಗಡಿ ಇದೆ, ಆ ಗಡಿಯನ್ನು ಸರ್ಕಾರವೊಂದೇ ಎಳೆಯುವಂತಿಲ್ಲ ಎಂಬುದು ಇದರ ಸಾರ.

ನಾಲ್ಕು ಪ್ರಶ್ನೆಗಳು

ಇಷ್ಟೆಲ್ಲ ಓದಿದ ಮೇಲೆ ಯಾವ ಸಂಘ ಕಂಡರೂ ನಾಲ್ಕು ಪ್ರಶ್ನೆ ಕೇಳಲು ಬರಬೇಕು.

ಒಂದು, ಯಾರು ಹುಟ್ಟುಹಾಕಿದರು? ಊರಿನವರೋ, ಆದೇಶವೋ?

ಎರಡು, ಹಣ ಎಲ್ಲಿಂದ? ಸದಸ್ಯರ ವಂತಿಗೆಯೋ, ಸರ್ಕಾರದ ಅನುದಾನವೋ, ಹೊರಗಿನ ದೇಣಿಗೆಯೋ? ಅದು ನಿಂತರೆ ಸಂಘ ನಿಲ್ಲುತ್ತದೆಯೇ?

ಮೂರು, ಪುಸ್ತಕ ಯಾರ ಕೈಯಲ್ಲಿ? ಕಾರ್ಯದರ್ಶಿಯನ್ನು ಸದಸ್ಯರು ಆರಿಸುತ್ತಾರೋ, ಹುದ್ದೆಯಿಂದಲೇ ಬರುತ್ತಾರೋ?

ನಾಲ್ಕು, ಸಂಘ ಸರ್ಕಾರಕ್ಕೆ 'ಬೇಡ' ಎಂದರೆ ಮರುದಿನ ಏನಾಗುತ್ತದೆ? ಸಂಘದ ಮೇಲೆ ಕ್ರಮವಾದರೆ ಹೋಗಿ ಕೇಳಲು ಸರ್ಕಾರವಲ್ಲದ ಇನ್ನೊಂದು ಜಾಗ ಇದೆಯೇ?

ಗ್ರಾಮ ಅರಣ್ಯ ಸಮಿತಿಗೆ ಈ ಪ್ರಶ್ನೆ ಹಾಕಿ ನೋಡಿ: ಆದೇಶದಿಂದ ಹುಟ್ಟಿತು, ಯೋಜನೆಯ ಹಣದಿಂದ ನಡೆಯಿತು, ಪುಸ್ತಕ ಇಲಾಖೆಯವರ ಬಳಿ. ಮೊದಲ ಮೂರು ಉತ್ತರಗಳಲ್ಲಿ ಅದು ಚೀನಾದ ಅತ್ತೆಯಿರುವ ಸಂಘದ ಹತ್ತಿರದಲ್ಲೇ ನಿಲ್ಲುತ್ತದೆ. ನಾಲ್ಕನೆಯದರಲ್ಲಿ ಬೇರೆಯಾಗುತ್ತದೆ. ಸಮಿತಿಯ ಸದಸ್ಯರು ಬೇಕಾದರೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲಬಹುದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಸರ್ಕಾರ ಹುಟ್ಟಿಸಿದ ಸಂಘವೂ ಜನರದ್ದಾಗಬಲ್ಲದು, ಸದಸ್ಯರು ಪುಸ್ತಕ ತೆರೆದು ಓದುವ ಅಭ್ಯಾಸ ಇಟ್ಟುಕೊಂಡರೆ. ಜನರೇ ಕಟ್ಟಿದ ಸಂಘವೂ ಕೆಲವರದ್ದಾಗಿ ಹೋಗಬಲ್ಲದು, ಮಹಾಸಭೆಗೆ ಯಾರೂ ಹೋಗದಿದ್ದರೆ. ಹೊರಗಿನ ಹಿಡಿತ ಬಿಗಿಯಾಗುವುದಕ್ಕೆ ಒಳಗಿನ ಉದಾಸೀನವೇ ಬಹಳ ಸಲ ದಾರಿ ಮಾಡಿಕೊಡುತ್ತದೆ.

ಅಭ್ಯಾಸ

ನಿಮ್ಮ ಊರಿನ ಒಂದು ಸಂಘವನ್ನು ಆರಿಸಿಕೊಳ್ಳಿ. ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಸಂಘ, ಜಮಾಅತ್ ಕಮಿಟಿ, ಯುವಕ ಮಂಡಳಿ, ಯಾವುದಾದರೂ ಆಗಬಹುದು. ಹಿರಿಯರನ್ನು ವಿನಯದಿಂದ ಕೇಳಿ, ಬೈಲಾ ಅಥವಾ ನಡಾವಳಿ ಪುಸ್ತಕ ನೋಡಲು ಸಿಕ್ಕರೆ ನೋಡಿ. ಮೇಲಿನ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಪುಟ ಉತ್ತರ ಬರೆಯಿರಿ. ವ್ಯಕ್ತಿಗಳ ಹೆಸರು ಬರೆಯಬೇಡಿ, ಹುದ್ದೆಯನ್ನು ಮಾತ್ರ ಬರೆಯಿರಿ. ಬರೆದದ್ದನ್ನು ವಿಭಾಗದ ಕಪಾಟಿನಲ್ಲಿ ಇಡೋಣ. ನಾಲ್ಕೈದು ವರ್ಷ ಹೀಗೆ ಸೇರಿದರೆ ಸೋಂದಾ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂಘಗಳ ಒಂದು ಒಳ್ಳೆಯ ದಾಖಲೆ ನಮ್ಮ ಕಾಲೇಜಿನಲ್ಲೇ ತಯಾರಾಗುತ್ತದೆ.